ಪ್ಲೇಟು ಹಾಕೋದು

ಆ ಊರಿನಲ್ಲಿ ಯಾರಾದರೂ ಇಲ್ಲದ್ದನ್ನು ಇದೆ ಎಂದು ಕೊಚ್ಚಿಕೊಂಡರೆ ಕೇಳುವವರು ‘ಬುರುಡೆ ಬಿಡಬೇಡ’ ಎನ್ನುತ್ತಿರಲಿಲ್ಲ. ‘ಸಾಕು, ಪ್ಲೇಟು ಹಾಕಬೇಡ’ ಎನ್ನುತ್ತಿದ್ದರು. ಪಕ್ಕದ ಊರಿನವರಿಗೆ ಈ ಮಾತು ತಿಳಿಯುತ್ತಿರಲಿಲ್ಲ. ಮದುವೆಯಾಗಿ ಬಂದ ಸೊಸೆಯಂದಿರು ಮಾತ್ರ ಬಂದ ಹೊಸದರಲ್ಲೇ ಕಲಿತು, ಗಂಡಂದಿರ ಮೇಲೆ ಪ್ರಯೋಗಿಸುತ್ತಿದ್ದರು. ಈ ಮಾತು ಎಲ್ಲಿಂದ ಬಂತು ಎಂದರೆ ಅರ್ಧ ಊರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಗಿರಣಿಯ ಕಡೆ ಕಣ್ಣು ಹೊರಳಿಸಿ ಸುಮ್ಮನಾಗುತ್ತಿದ್ದರು.

ಗಿರಣಿಯವಳಿಗೆ ಗೊತ್ತಿತ್ತು. ಅದನ್ನು ಹುಟ್ಟಿಸಿದವಳೇ ಅವಳು.

ಗಿರಣಿ ಊರಿನ ಅಂಚಿನಲ್ಲಿತ್ತು. ಮುಂದೆ ಬೀಸುವ ಕೋಣೆ, ಹಿಂದೆ ಎರಡು ಕೋಣೆಯ ಮನೆ. ನಡುವಿನ ಬಾಗಿಲಿಗೆ ಹಿಟ್ಟು ಮೆತ್ತಿ ಮೆತ್ತಿ, ಅದಕ್ಕೆ ಮೊದಲು ಯಾವ ಬಣ್ಣ ಇತ್ತೆಂದು ಹೇಳುವವರೇ ಇರಲಿಲ್ಲ. ಅಪ್ಪ ನಡೆಸುತ್ತಿದ್ದ ಗಿರಣಿ ಅದು, ಅಪ್ಪನೇ ಕಲಿಸಿದ ಕೆಲಸ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲವಳಾಗಿದ್ದಳು: ಈಗ ಬೀಳುತ್ತಿರುವುದು ಜೋಳ, ಈಗ ಗೋಧಿ, ಈಗ ಬೆಲ್ಟು ಜಾರುತ್ತಿದೆ. ಕಲ್ಲಿನ ದನಿ ಇಳಿದರೆ ಬೆಲ್ಟಿಗೆ ಮೇಣ ಹಚ್ಚುತ್ತಿದ್ದಳು. ಏರಿದರೆ ಕಲ್ಲು ಹಸಿದಿದೆ ಎಂದುಕೊಂಡು ಅದರ ಬಾಯಿಗೆ ಕಾಳು ಸುರಿಯುತ್ತಿದ್ದಳು. ಬೀಸಿಸಲು ಬಂದವರು ಸಾಲಾಗಿ ಕೂತು ಹರಟುತ್ತಿದ್ದರೆ ಅವಳ ಒಂದು ಕಿವಿ ಹರಟೆಯಲ್ಲಿ, ಇನ್ನೊಂದು ಕಲ್ಲಿನಲ್ಲಿ.

ಮೂಲೆಯಲ್ಲಿ, ಕಿಟಕಿಯ ಕೆಳಗೆ, ಅವಳ ತಾಯಿ ಜರಡಿ ಹಿಡಿದು ಕೂರುತ್ತಿದ್ದಳು. ನಯವಾದ ಹಿಟ್ಟು ಬೇಕೆಂದವರಿಗೆ ಜರಡಿ ಹಿಡಿದು ಕೊಡುವುದು ಅವಳ ಕೆಲಸ. ಮಾತು ಕಡಿಮೆ. ಗಿರಣಿಯ ಸದ್ದಿನಲ್ಲಿ ಮಾತೇಕೆ ಎಂದು ಎಲ್ಲಕ್ಕೂ ಕೈಸನ್ನೆಯಲ್ಲೇ ಉತ್ತರ. ಊರು ಅವಳನ್ನು ಹಿಂದಿನಿಂದ ಕರೆಯುತ್ತಿದ್ದುದು ಪ್ಲೇಟಮ್ಮ ಎಂದು.

ಆ ದಿನ ಸಾಲಿನಲ್ಲಿ ದರ್ಜಿ ಕೂತಿದ್ದ. ಗಿರಣಿಯವಳ ಜೊತೆ ಶಾಲೆಗೆ ಹೋದವನು, ಈಗ ಅರೆಬೋಳು ತಲೆ, ಕೊರಳಲ್ಲಿ ಅಳತೆಪಟ್ಟಿ. ಯಾವನೋ ದೊಡ್ಡ ಅಧಿಕಾರಿಗೆ ತಾನು ಕೋಟು ಹೊಲಿದ ಕಥೆಯನ್ನು ಕೂಗಿ ಕೂಗಿ ಹೇಳುತ್ತಿದ್ದ.

“ಅಳತೇನೇ ತಗೊಳ್ಳಿಲ್ಲ. ಕಾರಿಂದ ಇಳಿದ್ರು, ಒಂದು ಸಲ ಹಿಂದಿಂದ ನೋಡ್ದೆ. ಅಷ್ಟೇ! ಹೊಲಿದು ಕೊಟ್ಟೆ. ಚರ್ಮ ಹೊಲಿದ ಹಾಗೆ ಕೂತಿತ್ತು.”

“ನನ್ನ ರವಿಕೆಗೆ ಮೂರು ಸಲ ಅಳತೆ ತಗೊಂಡೂ ಕಂಕುಳಲ್ಲಿ ಹಿಡಿಯತ್ತಲ್ಲಣ್ಣ,” ಎಂದಳು ಹಾಲಿನವಳು. “ಸಾಕು, ಪ್ಲೇಟು ಹಾಕಬೇಡ!”

ಎಲ್ಲರೂ ನಕ್ಕರು. ದರ್ಜಿಯೂ ನಕ್ಕ. ಗಿರಣಿಯವಳು ಎಂದಿನಂತೆ ಮೂಲೆಯ ಕಡೆ ನೋಡಿದಳು. ಜರಡಿ ಒಂದು ಕ್ಷಣ ನಿಂತಿತು. ಮತ್ತೆ ಆಡಿತು.

ಆ ಮಾತು ಬಿದ್ದಾಗಲೆಲ್ಲ ಜರಡಿ ಹೀಗೆ ಒಂದು ಉಸಿರಿನಷ್ಟು ನಿಲ್ಲುವುದನ್ನು ಅವಳು ಎಷ್ಟು ವರ್ಷಗಳಿಂದ ನೋಡುತ್ತ ಬಂದಿದ್ದಳೋ. ಬೇರೆ ಯಾರೂ ಗಮನಿಸಿರಲಿಲ್ಲ. ಗಮನಿಸಬೇಕಾದವಳು ಅವಳೊಬ್ಬಳೇ ಆದ್ದರಿಂದ ಅವಳು ತಪ್ಪದೆ ಗಮನಿಸುತ್ತಿದ್ದಳು. ನೋಯುವ ಹಲ್ಲಿಗೆ ನಾಲಿಗೆ ಪದೇ ಪದೇ ಹೋಗುತ್ತದಲ್ಲ, ಹಾಗೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಅಪರಿಚಿತ ನಿಂತ. ತೆಳ್ಳಗೆ ಉದ್ದಕ್ಕೆ ಬೆಳೆದವನು, ಹೆಗಲಲ್ಲಿ ಚಪ್ಪಟೆ ಚೀಲ, ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. ಏನೋ ಕೇಳಿದ. ಗಿರಣಿಯವಳು ಕಿವಿಗೆ ಕೈ ಹಚ್ಚಿದಳು.

“ಗೋಧಿನಾ ಜೋಳನಾ?”

“ಹಾಡು! ಹಾಡಿಗೆ ಬಂದಿದ್ದೀನಿ!”

“ಹಾಲಿಗಾ? ಹಾಲು ಇವರ ಹತ್ತಿರ ಕೇಳಿ,” ಎಂದು ಹಾಲಿನವಳನ್ನು ತೋರಿಸಿದಳು.

“ಬೆಳಿಗ್ಗೆನೇ ಖಾಲಿ!” ಎಂದಳು ಹಾಲಿನವಳು.

ಅವನು ಮತ್ತೆ ಕೂಗಿದ. ಕೊನೆಗೆ ಗಿರಣಿಯವಳು ಮೋಟರು ನಿಲ್ಲಿಸಿದಳು. ಕಲ್ಲು ನಿಧಾನಕ್ಕೆ ದನಿ ಇಳಿಸುತ್ತ ಇಳಿಸುತ್ತ ಸುಮ್ಮನಾಯಿತು.

“ಇಲ್ಲೊಬ್ಬರು ಹಾಡುಗಾರ್ತಿ ಇದ್ದಾರಂತೆ. ಹಿಂದೆ ರಿದಮ್ ಅಂಡ್ ಬ್ಲೂಸ್ ಹಾಡ್ತಿದ್ದೋರು.”

“ಏನ್ಸಾರ್, ಬ್ಲೌಸಾ?” ಎಂದ ದರ್ಜಿ. “ಬ್ಲೌಸಾದ್ರೆ ನನ್ನ ಕೇಳಿ.”

“ಕೇಳಬೇಡಿ, ಕಂಕುಳಲ್ಲಿ ಹಿಡಿಯತ್ತೆ,” ಎಂದಳು ಹಾಲಿನವಳು.

ಬಂದವನು ಬೇಸರಪಡಲಿಲ್ಲ. ಖಾಲಿ ಮೂಟೆಯ ಮೇಲೆ ಕೂತು ನಿಧಾನವಾಗಿ ಬಿಡಿಸಿ ಹೇಳಿದ. ಡ್ರಮ್ಮು, ಗಿಟಾರು, ಸ್ಯಾಕ್ಸೊಫೋನು ಇಟ್ಟುಕೊಂಡು ಹಾಡುವ ಹಾಡು ಅದು. ಕಾಲು ಕುಣಿಯುತ್ತಿರುತ್ತದೆ, ಎದೆ ಅಳುತ್ತಿರುತ್ತದೆ. ಹಳೆಯ ಪ್ಲೇಟುಗಳನ್ನು, ಅಂದರೆ ಗ್ರಾಮಫೋನ್ ರೆಕಾರ್ಡುಗಳನ್ನು, ಹುಡುಕಿ ಮತ್ತೆ ಅಚ್ಚು ಹಾಕಿಸುವುದು ತನ್ನ ಕಸುಬು. ಪಟ್ಟಣದಲ್ಲಿ ಒಂದು ಹಳೆಯ ಸ್ಟುಡಿಯೋ ಕೆಡವುವಾಗ ಗೋದಾಮಿನಲ್ಲಿ ಟೇಪುಗಳು ಸಿಕ್ಕವು. ಅದರಲ್ಲಿ ಒಬ್ಬ ಹೆಂಗಸಿನ ದನಿ. ಕೇಳಿದವರೆಲ್ಲ ಯಾರಿದು, ಯಾರಿದು ಎನ್ನುತ್ತಿದ್ದಾರೆ. ಆಗ ಒಂದೇ ಒಂದು ಪ್ಲೇಟು ಹೊರಬಂದಿತ್ತು. ಅದರ ಮೇಲೆ ಮೇಳದ ಹೆಸರಿದೆ, ಹಾಡಿದವಳದ್ದಿಲ್ಲ. ಡ್ರಮ್ಮು ಬಾರಿಸುತ್ತಿದ್ದ ಮುದುಕನನ್ನು ಹುಡುಕಿ ಕೇಳಿದರೆ, ‘ಅವಳಾ? ಒಬ್ಬ ಗಿರಣಿಯವನನ್ನು ಕಟ್ಟಿಕೊಂಡು ಹೋದಳು’ ಎಂದು ಈ ಊರಿನ ಹೆಸರು ಹೇಳಿದನಂತೆ.

ಸಾಲಿನವರು ಮುಖ ಮುಖ ನೋಡಿಕೊಂಡರು. ಆಮೇಲೆ ದರ್ಜಿ ಹಲ್ಲು ಕಿಸಿದು, “ಓ, ನಮ್ಮ ಪ್ಲೇ...” ಎಂದವನು ಗಿರಣಿಯವಳ ಮುಖ ನೋಡಿ ಉಳಿದದ್ದನ್ನು ನುಂಗಿಕೊಂಡ.

ಬಂದವನು ಪುಟ್ಟ ಪೆಟ್ಟಿಗೆಯನ್ನು ತಕ್ಕಡಿಯ ಹಲಗೆಯ ಮೇಲಿಟ್ಟು ಮುಚ್ಚಳ ತೆಗೆದ. ಚೀಲದಿಂದ ಪ್ಲೇಟು ತೆಗೆದು ಕೂರಿಸಿ ಮುಳ್ಳು ಇಳಿಸಿದ. ಮೊದಲು ಕರಕರ ಸದ್ದು. ಆಮೇಲೆ ಯಾರೋ ದೂರದಲ್ಲಿ ಬಾಗಿಲು ತಟ್ಟಿದಂತೆ ಡ್ರಮ್ಮು. ಆಮೇಲೆ ದನಿ.

*ಬಾಗಿಲು ಹಾಕಬೇಡ, ನಾನಿನ್ನೂ ದಾರಿಯಲ್ಲಿದ್ದೀನಿ...*

ಗಿರಣಿಯವಳಿಗೆ ಈ ಹಾಡು ಬಾಯಿಪಾಠ. ಪದ ಅದೇ, ಡ್ರಮ್ಮು ಅದೇ, ನಡುವೆ ಸ್ಯಾಕ್ಸೊಫೋನು ಬಿಕ್ಕಿದಂತೆ ನಿಲ್ಲುವುದೂ ಅದೇ. ದನಿ ಮಾತ್ರ ಅದಲ್ಲ. ಅವಳ ಮನೆಯ ಪ್ಲೇಟಿನಲ್ಲಿ ಹಾಡುತ್ತಿದ್ದವಳು ಒಬ್ಬ ಹುಡುಗಿ, ಗಂಟೆ ಬಾರಿಸಿದಂಥ ಸಣ್ಣ ದನಿ. ಇದು ದಪ್ಪ ದನಿ. ಆಳವಾದ ಬಾವಿಯಿಂದ ತುಂಬಿದ ಕೊಡ ಮೇಲೆ ಬರುವಂತೆ ನಿಧಾನವಾಗಿ, ತೂಕವಾಗಿ ಬರುವ ದನಿ.

ಅವಳು ತನ್ನ ಕಸುಬಿನ ಮಾತನ್ನೇ ಆಡಿದಳು. “ನಿಮ್ಮ ಬೆಲ್ಟು ಜಾರ್ತಿದೆ. ನಿಧಾನ ಓಡ್ತಿದೆ ಇದು.”

“ಇಲ್ಲಮ್ಮ, ಸರಿಯಾಗಿದೆ.”

“ಇದೇ ಪ್ಲೇಟು ನಮ್ಮನೇಲೂ ಇದೆ. ಹೀಗಿಲ್ಲ.”

ಅವನು ಅವಳನ್ನು ಹತ್ತಿರ ಕರೆದು ತಿರುಗುವ ತಟ್ಟೆಯ ಅಂಚು ತೋರಿಸಿದ. ಅಂಚಿನ ಸುತ್ತ ಸಣ್ಣ ಸಣ್ಣ ಚುಕ್ಕೆಗಳು. “ಪೆಟ್ಟಿಗೆಯ ಈ ಪುಟ್ಟ ದೀಪದ ಬೆಳಕಲ್ಲಿ ನೋಡಿ. ವೇಗ ಹೆಚ್ಚಾದ್ರೆ ಚುಕ್ಕೆ ಮುಂದೆ ಹೋದ ಹಾಗೆ ಕಾಣತ್ತೆ, ಕಮ್ಮಿಯಾದ್ರೆ ಹಿಂದೆ. ಈಗ?”

ಚುಕ್ಕೆಗಳು ನಿಂತಿದ್ದವು. ಪ್ಲೇಟು ತಿರುಗುತ್ತಿತ್ತು, ಚುಕ್ಕೆಗಳು ಅಲುಗದೆ ನಿಂತಿದ್ದವು.

ಅವಳು ಮೂಲೆಯ ಕಡೆ ತಿರುಗಿದಳು. ಈ ಸಲ ಜರಡಿ ನಿಂತದ್ದು ಮತ್ತೆ ಆಡಲಿಲ್ಲ.

ಬಂದವನೂ ನೋಡಿದ. ಎದ್ದು ಹೋಗಿ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ. “ಅಮ್ಮಾ, ಇದು ನೀವೇ ಅಲ್ವಾ?”

“ನಾನಲ್ಲಪ್ಪ.”

“ಡ್ರಮ್ಮಿನವರು ಹೇಳಿದ್ರು...”

“ಗಿರಣಿಗಳು ಬೇಕಾದಷ್ಟಿವೆ,” ಎಂದು ಅವಳು ಸೆರಗಿನ ಹಿಟ್ಟು ಕೊಡವಿಕೊಂಡು ಎದ್ದಳು. “ನಂಬಿಕೆ ಬರ್ದಿದ್ರೆ ಇವಳನ್ನ ಕೇಳಿ. ಅದು ನಾನಲ್ಲ ಅಂತ ಇವಳಿಗೆ ಚೆನ್ನಾಗಿ ಗೊತ್ತು.”

ಜರಡಿ ಹಿಡಿದುಕೊಂಡೇ ಒಳಗೆ ಹೋದಳು. ಹಿಟ್ಟು ಮೆತ್ತಿದ ಬಾಗಿಲು ಅವಳ ಹಿಂದೆ ಸದ್ದಿಲ್ಲದೆ ಕೂಡಿಕೊಂಡಿತು.

“ದನಿ ಕೇಳಿದ್ರೆ ಅವರೇ ಅನ್ಸತ್ತೆ,” ಎಂದ ಬಂದವನು ಪ್ಲೇಟು ಎತ್ತಿಡುತ್ತ. “ಆದ್ರೆ ಅವರೇ ಅಲ್ಲ ಅಂದ್ಮೇಲೆ ನಾನು ಹೇಗೆ ಹೆಸರು ಹಾಕ್ಲಿ? ನಾಳಿದ್ದು ಮತ್ತೆ ಬರ್ತೀನಿ. ಹೂಂ ಅಂದ್ರೆ ಹೂಂ. ಇಲ್ಲಾಂದ್ರೆ ‘ಹಾಡಿದವರು ಯಾರೋ ತಿಳಿಯದು’ ಅಂತಲೇ ಅಚ್ಚು ಹಾಕ್ಬೇಕಾಗತ್ತೆ. ಅದೊಂದು ನೋವು ನೋಡಿ.”

ಗಿರಣಿಯವಳು ಮೋಟರು ಹಾಕಿದಳು. ಆ ದಿನ ದರ್ಜಿಯ ಗೋಧಿ ಜೋಳದಷ್ಟು ತರಿಯಾಗಿ ಬಿತ್ತು.

ಸಂಜೆ ಕಲ್ಲು ಒರೆಸಿ, ನೆಲ ಗುಡಿಸಿ, ಅವಳು ಅಟ್ಟದ ಏಣಿ ಹಾಕಿದಳು.

ಆ ಮಾತು ಹುಟ್ಟಿದಾಗ ಅವಳಿಗೆ ಹತ್ತೋ ಹನ್ನೊಂದೋ. ಅಮ್ಮ ಮದುವೆಗೆ ಮುಂಚೆ ಪಟ್ಟಣದಲ್ಲಿ ಹಾಡುತ್ತಿದ್ದಳು, ಅವಳ ಹಾಡು ಪ್ಲೇಟಿನಲ್ಲಿ ಬಂದಿದೆ ಎಂಬುದು ಮನೆಯ ದೊಡ್ಡ ಸಂಗತಿ. ಆದರೆ ಪ್ಲೇಟು ಪೆಟ್ಟಿಗೆ ಕೆಟ್ಟು ಬಹಳ ದಿನವಾಗಿತ್ತು. ಅಪ್ಪ ಒಮ್ಮೆ ಹಟ ಹಿಡಿದು ಕೂತು ಅದನ್ನು ಎಬ್ಬಿಸಿದ. ಪ್ಲೇಟು ಮೊದಲ ಸಲ ಹಾಡಿದ ದಿನ ಅವಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನವೇ ತರಗತಿಯ ಅರ್ಧ ಮಕ್ಕಳನ್ನು ಕಟ್ಟಿಕೊಂಡು ಬಂದಳು. ಪ್ಲೇಟು ಹಾಡಿತು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು. ಆಮೇಲೆ ಯಾರೋ, “ಆಂಟಿ, ಈಗ ನೀವು ಹಾಡಿ,” ಎಂದರು.

ಅಮ್ಮ ಹಾಡಿದಳು. ನಾಚಿಕೊಳ್ಳದೆ, ಜರಡಿ ಕೆಳಗಿಟ್ಟು, ಕಣ್ಣು ಮುಚ್ಚಿ. ಗಂಡಸಿನಂಥ ದಪ್ಪ ದನಿ. ಒಬ್ಬ ಕಿಸಕ್ಕೆಂದ, ಆಮೇಲೆ ಎಲ್ಲರೂ. ಅವನೇ, ಈಗಿನ ದರ್ಜಿ, “ಪ್ಲೇಟಲ್ಲಿರೋರು ಬೇರೆ ಕಣೋ, ಇವರಲ್ಲ!” ಎಂದ.

ಎಲ್ಲರ ಕಣ್ಣೂ ಮಗಳ ಮೇಲೆ ಬಿತ್ತು. ಅಮ್ಮನ ಕಣ್ಣೂ. ಅವಳು ಒಂದು ಗಳಿಗೆ ಯೋಚಿಸಿರಬೇಕು. ಯೋಚಿಸಿದ್ದಳು ಎಂಬುದೇ ಅವಳನ್ನು ಇಂದಿಗೂ ಚುಚ್ಚುವ ಸಂಗತಿ. ಆಮೇಲೆ ನಕ್ಕು, “ನಮ್ಮಮ್ಮ ಹಾಡೋದಲ್ಲ, ಬರೀ ಪ್ಲೇಟು ಹಾಕೋದು!” ಎಂದಿದ್ದಳು.

ಎಂಥ ನಗು ಎದ್ದಿತು! ಮಾತು ಅವರ ಬಾಯಿಂದ ಬಾಯಿಗೆ ಮನೆ ಸೇರಿತು, ಮನೆಯಿಂದ ಬಾವಿಕಟ್ಟೆ, ಬಾವಿಕಟ್ಟೆಯಿಂದ ಸಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದಕ್ಕೆ ಮುಂಚೆ ಅಮ್ಮ ಜರಡಿ ಹಿಡಿಯುತ್ತ ಗಿರಣಿಯ ಗುಂಯ್‌ಗುಡುವಿಕೆಗೆ ದನಿ ಸೇರಿಸಿ ಹಾಡಿಕೊಳ್ಳುತ್ತಿದ್ದಳು. ಆಮೇಲೆ ಹಾಡಲಿಲ್ಲ. ಒಂದು ದಿನವೂ ಇಲ್ಲ.

ಇಷ್ಟು ವರ್ಷ ಗಿರಣಿಯವಳು ತನಗೆ ತಾನೇ ಒಂದು ಸಮಾಧಾನ ಹೇಳಿಕೊಂಡಿದ್ದಳು: ನಾನು ಹೇಳಿದ ರೀತಿ ತಪ್ಪು, ಹೇಳಿದ್ದು ಸುಳ್ಳಲ್ಲ. ಪಾಪ, ಅಮ್ಮ ಮೇಳದಲ್ಲಿ ಹಿಂದೆ ನಿಂತು ದನಿಗೂಡಿಸಿರಬೇಕು, ಮುಂದೆ ಹಾಡಿದವಳು ಬೇರೆ. ಈ ಸಮಾಧಾನದ ಮೇಲೆ ಅವಳು ತಾಯಿಯನ್ನು ಪ್ರೀತಿಯಿಂದಲೇ ನೋಡಿಕೊಂಡಿದ್ದಳು. ಕ್ಷಮಿಸಿದವಳ ಹಾಗೆ.

ಅಟ್ಟದಲ್ಲಿ ಪೆಟ್ಟಿಗೆ ಹಳೆಯ ಮೂಟೆಯೊಳಗೆ ಬೆಚ್ಚಗಿತ್ತು. ಕೆಳಗಿಳಿಸಿ, ದೂಳು ಒರೆಸಿ, ತಟ್ಟೆ ಎತ್ತಿದಳು. ಅಡಿಯಲ್ಲಿ ಮೋಟರಿನ ತುದಿಗೆ, ಬೆಲ್ಟು ಸುತ್ತುವ ಒಂದು ಮರದ ಪುಲ್ಲಿ, ಸುತ್ತಿಗೆಯ ಮುರಿದ ಹಿಡಿಯನ್ನು ಕೆತ್ತಿ ಮಾಡಿದ್ದು. ಅಪ್ಪನ ಕೈಕೆಲಸ ಎಂದು ನೋಡಿದೊಡನೆ ತಿಳಿಯುತ್ತಿತ್ತು. ಮೂಲೆಯಲ್ಲಿ ಕಾಗದದ ಪೊಟ್ಟಣವೊಂದಿತ್ತು. ಗಿರಣಿಯವರು ಏನನ್ನೂ ಎಸೆಯುವವರಲ್ಲ. ಬಿಚ್ಚಿದರೆ ಮೊದಲಿನ ಪುಲ್ಲಿಯ ಎರಡು ಹೋಳು.

ಹೋಳನ್ನು ಮರದ ಪುಲ್ಲಿಯ ಪಕ್ಕಕ್ಕೆ ಹಿಡಿದಳು. ಕಣ್ಣಿನಿಂದ ನೋಡುವ ಮೊದಲೇ ಹೆಬ್ಬೆರಳಿಗೆ ತಿಳಿಯಿತು. ಮರದ್ದು ದಪ್ಪ.

ಯಾಕೆ ದಪ್ಪ ಎಂಬುದೂ ಅವಳಿಗೆ ಕೂಡಲೇ ಹೊಳೆಯಿತು. ಬೆಲ್ಟು ಹಳೆಯದಾಗಿ ಜೋಲುಬಿದ್ದಿರಬೇಕು. ಗಿರಣಿಯವನು ಬೆಲ್ಟು ಜೋಲುಬಿದ್ದರೆ ಏನು ಮಾಡುತ್ತಾನೆ? ಪಟ್ಟಣಕ್ಕೆ ಓಡುವುದಿಲ್ಲ. ಪುಲ್ಲಿಯನ್ನು ತುಸು ದಪ್ಪ ಮಾಡಿ ಬೆಲ್ಟನ್ನು ಬಿಗಿ ಮಾಡುತ್ತಾನೆ. ಅವಳೂ ಎಷ್ಟೋ ಸಲ ಮಾಡಿದ್ದಾಳೆ. ಕಲ್ಲು ಸ್ವಲ್ಪ ಜೋರು ಓಡುತ್ತದೆ, ಓಡಲಿ, ಹಿಟ್ಟೇನೂ ದೂರು ಹೇಳುವುದಿಲ್ಲ.

ಹಾಡು ಹಿಟ್ಟಲ್ಲ.

ಅವಳು ಪುಲ್ಲಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೇ ಕೂತಳು. ಮೋಟರಿನ ಪುಲ್ಲಿ ದಪ್ಪವಾದರೆ ಕಲ್ಲು ಓಡುತ್ತೆ, ಓಡಿದರೆ ದನಿ ಏರುತ್ತೆ. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠ ಅದು. ಆ ಮಾತನ್ನು ಆಡಿದ ದಿನವೂ ಅವಳಿಗೆ ಆ ಪಾಠ ಗೊತ್ತಿತ್ತು. ಅಲ್ಲಿಂದೀಚೆಗೆ ಪ್ರತಿದಿನ ಗೊತ್ತಿತ್ತು. ಕಲ್ಲಿನ ದನಿ ಎಳ್ಳಷ್ಟು ಏರಿದರೆ ಎದ್ದು ಓಡುವವಳು, ತಾಯಿಯ ದನಿ ಇಷ್ಟು ಏರಿದ್ದಕ್ಕೆ ಕಾರಣವೇನೆಂದು ಒಂದು ಸಲವೂ ತಟ್ಟೆ ಎತ್ತಿ ನೋಡಿರಲಿಲ್ಲ.

ಒಳಗೆ ತಾಯಿ ಹರಿದ ಚೀಲಕ್ಕೆ ತೇಪೆ ಹಾಕುತ್ತಿದ್ದಳು.

“ನಿನಗೆ ಗೊತ್ತಿತ್ತಾ ಅಮ್ಮ?”

“ಏನು?”

“ಪುಲ್ಲಿ ದಪ್ಪ ಅಂತ.”

ತಾಯಿ ಅವಳ ಅಂಗೈ ನೋಡಿದಳು. “ಪುಲ್ಲಿ ಗಿಲ್ಲಿ ನಂಗೇನು ಗೊತ್ತು. ಓಡ್ತಿದೆ ಅಂತ ಗೊತ್ತಿತ್ತು. ಮೊದಲನೇ ದಿನಾನೇ.”

“ಮತ್ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ಆ ಮಕ್ಕಳೆಲ್ಲ ಹೋದ ಮೇಲೆ ನಿನಗೇ ಹೇಳ್ದೆ. ‘ಅದು ಓಡ್ತಿದೆ ಮಗಳೇ’ ಅಂದೆ. ‘ಪ್ಲೇಟು ಓಡದೆ ಮಲಗತ್ತಾ’ ಅಂದೆ ನೀನು.”

ಹೌದು, ಅಂದಿದ್ದಳು. ಆ ಮಾತಿಗೂ ತಾನೇ ನಕ್ಕಿದ್ದು ನೆನಪಾಯಿತು.

“ಅಪ್ಪನಿಗಾದ್ರೂ ಹೇಳ್ಬಹುದಿತ್ತು.”

“ಅವರಿಗೆ?” ತಾಯಿ ಸೂಜಿ ನಿಲ್ಲಿಸಿದಳು. “ಪಟ್ಟಣಕ್ಕೆ ಹಿಟ್ಟಿನ ಮೂಟೆ ಹಾಕೋಕೆ ಬಂದಾಗೆಲ್ಲ ನಾನು ಹಾಡೋ ಕಡೆ ಹಿಂದಿನ ಸಾಲಲ್ಲಿ ಬಂದು ಕೂರೋರು. ಮೈಯೆಲ್ಲ ಹಿಟ್ಟು. ಮೇಳದ ಹುಡುಗ್ರು ‘ನಿನ್ನ ಭೂತ ಬಂತು’ ಅನ್ನೋರು. ನನ್ನ ದನಿ ಕೇಳ್ಕೊಂಡು ಬಂದವರು ಅವರು, ಮುಖ ನೋಡ್ಕೊಂಡಲ್ಲ. ಆಮೇಲೆ ಈ ಗಿರಣಿ ಸದ್ದು ಅವರ ಕಿವಿ ತಿಂತು. ಪೆಟ್ಟಿಗೆ ರಿಪೇರಿ ಆದ ದಿನ ಅದರ ಮೇಲೆ ಅಂಗೈ ಇಟ್ಕೊಂಡು, ‘ನೋಡು, ಹಾಗೇ ಇದೆ ನಿನ್ನ ದನಿ’ ಅಂತ ನಕ್ಕರು. ಹಾಗೇ ಇರ್ಲಿಲ್ಲ. ಅದನ್ನ ನಾನು ಹೇಳಿದ್ರೆ ‘ನಿಮಗೆ ಕಿವಿ ಹೋಗಿದೆ’ ಅಂದ ಹಾಗೆ. ‘ನನ್ನ ದನಿ ನಿಮಗಿನ್ನು ಕೇಳಲ್ಲ’ ಅಂದ ಹಾಗೆ. ಹೇಳ್ಬೇಕಿತ್ತಾ?”

ಗಿರಣಿಯವಳು ಪುಲ್ಲಿಯನ್ನು ಅಂಗೈಯಲ್ಲಿ ಹೊರಳಿಸಿದಳು. “ಅಪ್ಪ ಹೋದ ಮೇಲೆ?”

“ಆಮೇಲೆ ಯಾರು ಕೇಳಿದ್ರು?”

ತಾಯಿಯ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

“ನಾಳಿದ್ದು ಅವನಿಗೆ ಹೂಂ ಅನ್ನಮ್ಮ.”

“ಅಂದ್ರೆ ಊರು ಏನನ್ನತ್ತೆ? ಮುದುಕಿಗೆ ಊರು ದೂರ ಕಾಡು ಹತ್ತಿರ ಆದ್ರೂ ಪ್ಲೇಟು ಹಾಕೋದು ಬಿಡ್ಲಿಲ್ಲ ಅನ್ನತ್ತೆ. ಇಷ್ಟು ದಿನ ಅಲ್ಲ ಅಂದಿದ್ದೇ ಸುಖ.” ದಾರ ಕಚ್ಚಿ ತುಂಡು ಮಾಡಿದಳು. “ಆ ಪುಲ್ಲಿ ಇಲ್ಲಿ ಕೊಡು. ಕೆರೆದು ಗಿರೆದು ಹಾಳು ಮಾಡ್ಬೇಡ. ಅವರು ಕೂತು ಕೆತ್ತಿದ್ದು.”

ಗಿರಣಿಯವಳು ಕೊಟ್ಟಳು. ತಾಯಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮರುದಿನ ಗಿರಣಿಗೆ ರಜೆ. ಬಂದವರಿಗೆಲ್ಲ ‘ಕಲ್ಲು ಸವೆದಿದೆ, ಕುಟ್ಟಿಸಬೇಕು’ ಎಂದು ಹೇಳಿ ಕಳಿಸಿದಳು. ಹಳೆಯ ಗುದ್ದಲಿಯ ಕಾವಿನಿಂದ ಒಂದು ತುಂಡು ಕೊಯ್ದು, ಒಡೆದ ಹೋಳನ್ನು ಅಳತೆಗಿಟ್ಟುಕೊಂಡು ಹೊಸ ಪುಲ್ಲಿ ಕೆತ್ತಿದಳು. ಸೈಕಲ್ ಟ್ಯೂಬು ಸೀಳಿ ಬೆಲ್ಟು ಮಾಡಿದಳು. ಪ್ಲೇಟು ಹಾಕಿ ಕೇಳಿದಳು. ದನಿ ಹಿಂದಿಗಿಂತ ದಪ್ಪ ಅನ್ನಿಸಿತು. ಆದರೆ ಸರಿಯೋ? ಅವಳಿಗೆ ತಿಳಿಯಲಿಲ್ಲ. ಅವನ ಪ್ಲೇಟನ್ನು ಕೇಳಿದ್ದು ಒಂದೇ ಸಲ, ಅದೂ ಬೆಲ್ಟು ಜಾರುತ್ತಿದೆ ಎಂದುಕೊಂಡು.

ಆಗ ಒಳಗಿನಿಂದ, ಯಾರೂ ಕೇಳದೆ, ಒಂದು ಮಾತು ಬಂತು.

“ಓಡ್ತಿದೆ.”

ಅವಳು ಮರಳು ಕಾಗದ ತಗೊಂಡು ಉಜ್ಜಿದಳು. ಮತ್ತೆ ಹಾಕಿದಳು.

“ಇನ್ನೂ ಓಡ್ತಿದೆ.”

ಉಜ್ಜಿದಳು. ಉಜ್ಜಿದ ಮರದ ಪುಡಿ ಬೆರಳ ಸಂದಿನಲ್ಲಿ ಹಿಟ್ಟಿನಂತೆಯೇ ಇತ್ತು, ಬಿಳಿ ಮಾತ್ರ ಅಲ್ಲ. ಮತ್ತೆ ಹಾಕಿದಳು. ಹೀಗೆ ಬಿಸಿಲು ಕಿಟಕಿಯಿಂದ ಬಾಗಿಲಿಗೆ ಬರುವವರೆಗೆ. ಕೊನೆಗೊಮ್ಮೆ ಮುಳ್ಳು ಇಳಿಸಿ ಕಾದಳು. ಒಳಗಿನಿಂದ ಏನೂ ಬರಲಿಲ್ಲ. ಹಾಡು ಅರ್ಧವಾಯಿತು, ಸ್ಯಾಕ್ಸೊಫೋನು ಬಿಕ್ಕಿ ನಿಂತಿತು, ಮತ್ತೆ ದನಿ ಎದ್ದಿತು. ಏನೂ ಬರಲಿಲ್ಲ. ಮೆಲ್ಲಗೆ ಹೋಗಿ ಬಾಗಿಲ ಸಂದಿಯಿಂದ ನೋಡಿದಳು. ತಾಯಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಬಲಗಾಲ ಹೆಬ್ಬೆರಳು ನೆಲವನ್ನು ತಟ್ಟುತ್ತಿತ್ತು.

ಗಿರಣಿಯವಳು ಅಲ್ಲಿಂದ ಹಿಂದಕ್ಕೆ ಬಂದಳು. ಅದನ್ನು ನೋಡುವ ಹಕ್ಕು ತನಗಿಲ್ಲ ಅನ್ನಿಸಿತು.

ಅದರ ಮರುದಿನ ಎರಡು ದಿನದ ಜನ ಒಟ್ಟಿಗೆ ಸೇರಿ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಪ್ಲೇಟು ಹುಡುಕುವವನು ಬಂದು ಮೂಟೆಯ ಮೇಲೆ ಕೂತ. ತಾಯಿ ಮೂಲೆಯಲ್ಲಿ ಜರಡಿ ಹಿಡಿದಿದ್ದಳು, ತಲೆ ಎತ್ತಲಿಲ್ಲ. ಗಿರಣಿಯವಳು ಮೋಟರು ನಿಲ್ಲಿಸಿದಳು. ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

“ಸಾರ್, ನೀವು ಕೇಳಿದ್ರಲ್ಲ. ಆ ಪ್ಲೇಟಲ್ಲಿ ಹಾಡಿರೋದು ನಮ್ಮಮ್ಮ.”

ಸಾಲಿನ ಕತ್ತುಗಳೆಲ್ಲ ಅವಳ ಕಡೆ ತಿರುಗಿದವು. ಆಮೇಲೆ, ಮೊನ್ನೆ ಹಿಟ್ಟು ತರಿಯಾಯಿತೆಂದು ಮತ್ತೆ ಗೋಧಿ ತಂದಿದ್ದ ದರ್ಜಿ, ಆ ಸಿಟ್ಟನ್ನೂ ಸೇರಿಸಿ, “ಏನಮ್ಮಾ, ನೀನೂ ಪ್ಲೇಟು ಹಾಕೋಕೆ ಶುರು ಮಾಡಿದ್ಯಾ?” ಎಂದ.

ಬಾಗಿಲಾಚೆಯವರೂ ನಕ್ಕರು. ಹಾಲಿನವಳಂತೂ ಕ್ಯಾನಿನ ಮೇಲೆ ಬಾಗಿ ನಕ್ಕಳು. ಗಿರಣಿಯವಳಿಗೆ ಕಿವಿಯ ತುದಿಯವರೆಗೂ ಬಿಸಿ ಏರಿತು. ಹೇಳಿದ್ದು ಸತ್ಯ, ಎದುರಿಗೆ ನಗುವ ಮುಖಗಳು. ಅವತ್ತು ಜರಡಿ ಕೆಳಗಿಟ್ಟು ಹಾಡಿ ಕಣ್ಣು ತೆರೆದಾಗ ಅಮ್ಮನಿಗೆ ಕಂಡದ್ದು ಇದೇ.

“ಆ ಮಾತು ನಂದು,” ಎಂದಳು. ದನಿ ಸಣ್ಣಗೆ ಬಂತು. “ನಾನೇ ಹುಟ್ಟಿಸಿದ್ದು. ನೀನೂ ಇದ್ದೆಯಲ್ಲ ಅವತ್ತು. ಅಮ್ಮ ಸುಳ್ಳು ಹೇಳಿರ್ಲಿಲ್ಲ. ನಮ್ಮನೆ ಪೆಟ್ಟಿಗೆ ಸುಳ್ಳು ಹೇಳ್ತು, ನಾನೂ ಹೇಳ್ದೆ.”

ದರ್ಜಿ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ. ಯಾರೋ, “ಏನಿದು ಕಥೆ?” ಎಂದರು. ಅವಳು ವಿವರಿಸಲಿಲ್ಲ. ಮನೆಯ ಪೆಟ್ಟಿಗೆಯನ್ನು ತಂದು ತಕ್ಕಡಿಯ ಹಲಗೆಯ ಮೇಲಿಟ್ಟು ಮುಳ್ಳು ಇಳಿಸಿದಳು.

*ಬಾಗಿಲು ಹಾಕಬೇಡ...*

ಗಿರಣಿಯ ಕೋಣೆ ಹಿಟ್ಟಿನ ದೂಳಿನ ಕೋಣೆ. ದೂಳು ಕೂತು ಟ್ಯೂಬಿನ ಬೆಲ್ಟು ಒಂದು ಕೂದಲಷ್ಟು ಜಾರತೊಡಗಿತು. ದನಿ ಭಾರವಾಯಿತು, ಎಳೆಯಿತು. ಗಿರಣಿಯವಳಿಗೆ ಅದು ತಿಳಿಯಲಿಲ್ಲ, ಸಾಲಿನಲ್ಲಿ ಯಾರಿಗೂ ತಿಳಿಯಲಿಲ್ಲ. ಎಲ್ಲರೂ ಬೆರಗಿನಿಂದ ಕೇಳುತ್ತಿದ್ದರು. ಮೂಲೆಯಲ್ಲಿ ಒಬ್ಬಳು ಮಾತ್ರ ಮುಖ ಕಿವುಚಿಕೊಂಡಳು. ತಡೆದಳು. ಆಗಲಿಲ್ಲ.

“ಎಳೀತಿದೆ ಕಣೇ ಅದು,” ಎಂದಳು. “ನಾನು ಆಗ ಇಷ್ಟು ಮುದುಕಿ ಆಗಿರ್ಲಿಲ್ಲ.”

ಪೆಟ್ಟಿಗೆಯ ದನಿ, ಮೂಲೆಯ ದನಿ. ಸದ್ದಿಲ್ಲದ ಗಿರಣಿಯಲ್ಲಿ ಎರಡೂ ಒಂದರ ಪಕ್ಕ ಒಂದು ಬಂದು ನಿಂತವು. ಹಾಲಿನವಳು ಬಾಯಿಗೆ ಕೈ ಹಚ್ಚಿಕೊಂಡಳು. ದರ್ಜಿ ಪೆಟ್ಟಿಗೆ ನೋಡಿದ, ಮೂಲೆ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿದ.

ಪ್ಲೇಟು ಹುಡುಕುವವನು ಎದ್ದು ಹೋಗಿ ಮತ್ತೆ ಕುಕ್ಕರಗಾಲಲ್ಲಿ ಕೂತ. “ಹಾಗಾದ್ರೆ ಹೆಸರು ಹಾಕ್ಲಾ ಅಮ್ಮ?”

ತಾಯಿ ಮಗಳ ಕಡೆ ನೋಡಲಿಲ್ಲ. “ಅವಳು ಹೇಳಿದಳಲ್ಲ,” ಎಂದಳು. ಸ್ವಲ್ಪ ತಡೆದು, “ಮುಳ್ಳು ಎತ್ತಿಡೋಕೆ ಹೇಳಿ. ಪ್ಲೇಟು ಸವೆಯತ್ತೆ,” ಎಂದಳು.

ಅವನು ಅವಳ ಬಾಯಿಂದಲೇ ಹೆಸರು ಕೇಳಿಕೊಂಡು, ಕಾಲಿಗೆ ಹಿಟ್ಟು ಮೆತ್ತಿಕೊಂಡು ಹೊರಟುಹೋದ. ಸಾಲು ಗುಜುಗುಜು ಎನ್ನುತ್ತಿತ್ತು. ಮೋಟರು ಹಾಕುವ ಹೊತ್ತಾಗಿತ್ತು. ಗಿರಣಿಯವಳು ಹಾಕಿದಳು. ಕಲ್ಲು ದನಿ ಏರಿಸುತ್ತ ಏರಿಸುತ್ತ ಕೋಣೆಯನ್ನೆಲ್ಲ ತುಂಬಿತು. ಆ ಸದ್ದಿನೊಳಗೆ, ಪಕ್ಕದವರ ಮಾತು ಪಕ್ಕದವರಿಗೆ ಕೇಳದ ಆ ಸದ್ದಿನೊಳಗೆ, ಅವಳು ಮೂಲೆಯ ಕಡೆ ತಿರುಗಿ, “ತಪ್ಪಾಯ್ತಮ್ಮ,” ಎಂದಳು.

ಜರಡಿ ಒಂದು ಕ್ಷಣ ನಿಂತಿತು. ಮತ್ತೆ ಆಡಿತು.

ಕೇಳಿಸಿತೋ ಇಲ್ಲವೋ. ಸದ್ದು ಬರುವವರೆಗೆ ಕಾದು ತಾನು ಆ ಮಾತನ್ನು ಆಡಿದೆ ಎಂಬುದು ಮಾತ್ರ ಅವಳಿಗೆ ಚೆನ್ನಾಗಿ ತಿಳಿದಿತ್ತು. ಇನ್ನೊಂದು ಸಲ ಆಡಬೇಕು, ಗಿರಣಿ ನಿಲ್ಲಿಸಿ ಆಡಬೇಕು ಎಂದುಕೊಂಡಳು. ಸಾಲಿನಲ್ಲಿ ದರ್ಜಿ ಚೀಲ ಮುಂದಕ್ಕೆ ತಳ್ಳಿದ. ಅವಳು ಗೋಧಿಯನ್ನು ಕಲ್ಲಿನ ಬಾಯಿಗೆ ಸುರಿದಳು.